ಹದಿನಾಲ್ಕರ ಮಿತಿ ಮತ್ತು ಉದ್ದದ ಕ್ಲಬ್ಬುಗಳ ಆಯ್ಕೆ: ಗಾಲ್ಫ್ ಚೀಲದ ಮೇಲ್ತುದಿಯ ಬಗ್ಗೆ ಒಂದು ಪರಿಶೀಲನೆ

2001ರ ಓಪನ್ ಚಾಂಪಿಯನ್‌ಶಿಪ್ಪಿನ ಕೊನೆಯ ದಿನ. ಇಂಗ್ಲೆಂಡಿನ ರಾಯಲ್ ಲಿಥಮ್ ಅಂಡ್ ಸೇಂಟ್ ಆನ್ಸ್ ಮೈದಾನ. ವೇಲ್ಸಿನ ಇಯಾನ್ ವೂಸ್ನಮ್ ಮೊದಲ ಹೋಲಿನಲ್ಲಿ ಚೆಂಡನ್ನು ಕುಳಿಯ ಪಕ್ಕಕ್ಕೇ ಇಳಿಸಿ, ಬರ್ಡಿ ಮಾಡಿ, ಅಗ್ರಸ್ಥಾನದ ಸಾಲಿಗೆ ಬಂದಿದ್ದರು. ಎರಡನೇ ಟೀಗೆ ಬಂದು ನಿಂತಾಗ ಚೀಲದಲ್ಲಿ ಎರಡು ಡ್ರೈವರ್ ಇರುವುದು, ನಿಯಮ ಒಪ್ಪುವ ಹದಿನಾಲ್ಕು ಕ್ಲಬ್ಬುಗಳ ಬದಲು ಹದಿನೈದಾಗಿರುವುದು, ಅವರ ಕ್ಯಾಡಿಯ ಕಣ್ಣಿಗೆ ಬಿತ್ತು. ಬೆಳಿಗ್ಗೆ ಅಭ್ಯಾಸದ ಅಂಗಳದಲ್ಲಿ ಎರಡನ್ನೂ ಹೊಡೆದು ನೋಡಿದ್ದರು. ಒಂದನ್ನು ತೆಗೆದಿಡುವುದು ಮರೆತುಹೋಗಿತ್ತು. ಲಿಥಮ್ಮಿನ ಮೊದಲ ಹೋಲ್ ಪಾರ್ 3. ಅಲ್ಲಿ ಡ್ರೈವರಿಗೆ ಕೈಹಾಕುವ ಪ್ರಮೇಯವೇ ಇಲ್ಲ. ಹಾಗಾಗಿ ತಪ್ಪು ಗೊತ್ತಾಗುವ ಹೊತ್ತಿಗೆ ಒಂದು ಹೋಲ್ ಮುಗಿದು, ಎರಡು ಹೊಡೆತಗಳ ದಂಡ ತಲೆಗೆ ಬಂದಿತ್ತು. ವೂಸ್ನಮ್ ಆ ಡ್ರೈವರನ್ನು ಪೊದೆಯತ್ತ ಎಸೆದರು. ಪಂದ್ಯ ಮುಗಿದಾಗ ಅವರ ಒಟ್ಟು 278, ಗೆದ್ದ ಡೇವಿಡ್ ಡುವಾಲ್ ಅವರದು 274, ಎರಡನೆಯವರಾದ ನಿಕ್ಲಾಸ್ ಫಾಸ್ತ್ ಅವರದು 277. ದಂಡ ಕಳೆದರೆ ಎರಡನೇ ಸ್ಥಾನ ವೂಸ್ನಮ್ ಒಬ್ಬರದೇ ಆಗುತ್ತಿತ್ತು.

ಈ ಪ್ರಸಂಗವನ್ನು ಸಾಮಾನ್ಯವಾಗಿ ಕ್ಯಾಡಿಯ ಅಜಾಗರೂಕತೆಯ ಕತೆಯಾಗಿ ಹೇಳುತ್ತಾರೆ. ನನ್ನ ಗಮನ ಬೇರೆ ಕಡೆಗಿದೆ. ಹೆಚ್ಚಾಗಿ ಉಳಿದ ಹದಿನೈದನೆಯದು ವೆಜ್ ಅಲ್ಲ, ಪಟರ್ ಅಲ್ಲ. ಚೀಲದಲ್ಲಿನ ಅತ್ಯಂತ ಉದ್ದದ ಕ್ಲಬ್. ಅಂತಿಮ ಸುತ್ತಿನ ಬೆಳಿಗ್ಗೆಯೂ ಒಬ್ಬ ಅನುಭವಿ ಆಟಗಾರನಿಗೆ ಬಗೆಹರಿಯದೆ ಉಳಿದದ್ದು ಚೀಲದ ಮೇಲ್ತುದಿಯ ಪ್ರಶ್ನೆ. ಡ್ರೈವರಿನಿಂದ ಹಿಡಿದು ಐರನ್ನುಗಳು ಶುರುವಾಗುವವರೆಗಿನ ನಾಲ್ಕೈದು ಜಾಗಗಳಲ್ಲಿ ಏನಿರಬೇಕು ಎಂಬುದನ್ನು ಈ ಲೇಖನ ಪರಿಶೀಲಿಸುತ್ತದೆ. ಕ್ಲಬ್ಬಿನ ಮೇಲೆ ಅಚ್ಚಾದ ಅಂಕಿಯನ್ನಾಗಲಿ ಪುರುಷ ವೃತ್ತಿಪರರ ಚೀಲವನ್ನಾಗಲಿ ನೋಡಿ ಇದನ್ನು ತೀರ್ಮಾನಿಸಲಾಗದು. ಆಟಗಾರನ ವೇಗ ಮತ್ತು ಚೆಂಡು ನೆಲಕ್ಕೆ ಇಳಿಯುವ ಕೋನ ಇವೆರಡನ್ನು ನೋಡಿ ತೀರ್ಮಾನಿಸಬೇಕು ಎಂಬುದು ನನ್ನ ವಾದ.

ಹದಿನಾಲ್ಕರ ಮಿತಿ ಅಷ್ಟೇನೂ ಹಳೆಯದಲ್ಲ. ಅಮೆರಿಕದಲ್ಲಿ ಅದು ಜಾರಿಗೆ ಬಂದದ್ದು 1938ರಲ್ಲಿ, ಬ್ರಿಟನ್ನಿನ ಆರ್ ಅಂಡ್ ಎ ಅದನ್ನು ಒಪ್ಪಿದ್ದು 1939ರಲ್ಲಿ. ಹಿಕರಿ ಮರದ ಹಿಡಿಯ ಕಾಲದಲ್ಲಿ ಚಿಕ್ ಇವಾನ್ಸ್ 1916ರ ಯು.ಎಸ್. ಓಪನ್ ಗೆದ್ದಾಗ ಅವರ ಬಳಿ ಇದ್ದದ್ದು ಏಳೇ ಕ್ಲಬ್. ಬ್ರಾಸಿ, ಸ್ಪೂನ್, ಕ್ಲೀಕ್ ಎಂದು ಒಂದೊಂದಕ್ಕೂ ಹೆಸರಿತ್ತು. ಒಂದೇ ಕ್ಲಬ್ಬಿನಿಂದ ಹತ್ತು ಬಗೆಯ ಹೊಡೆತ ತೆಗೆಯುವುದೇ ಕೌಶಲವಾಗಿತ್ತು. ಉಕ್ಕಿನ ಹಿಡಿಗೆ ಅಮೆರಿಕದಲ್ಲಿ 1924ರಲ್ಲಿ, ಬ್ರಿಟನ್ನಿನಲ್ಲಿ 1929ರಲ್ಲಿ ಮಾನ್ಯತೆ ಸಿಕ್ಕಿತು. ಆಮೇಲೆ ಅಳತೆ ಹೊಂದಿಸಿದ, ಅಂಕಿ ಹಾಕಿದ ಸೆಟ್ಟುಗಳು ಬಂದವು, ಹೆಸರುಗಳು ಹೋದವು, ಚೀಲ ಉಬ್ಬುತ್ತ ಹೋಯಿತು. 1934 ಮತ್ತು 1935ರಲ್ಲಿ ಅಮೆರಿಕ, ಬ್ರಿಟನ್ ಎರಡರ ಹವ್ಯಾಸಿ ಪಟ್ಟಗಳನ್ನೂ ಗೆದ್ದ ಲಾಸನ್ ಲಿಟಲ್ ಅವರ ಚೀಲದಲ್ಲಿ ಮೂವತ್ತರ ಆಸುಪಾಸು ಕ್ಲಬ್ಬುಗಳಿರುತ್ತಿದ್ದವು. ಕೌಶಲದ ಜಾಗದಲ್ಲಿ ಸರಂಜಾಮು ಕೂರುತ್ತಿದೆ ಎಂಬ ಆತಂಕದಿಂದ ಬಂದ ನಿಯಮ ಇದು. ನನಗೆ ಇದು ಗಾಲ್ಫಿನ ಅತ್ಯಂತ ವಿವೇಕದ ನಿಯಮವಾಗಿ ಕಾಣುತ್ತದೆ. ಒಂದನ್ನು ಒಳಗಿಟ್ಟರೆ ಇನ್ನೊಂದನ್ನು ಹೊರಗಿಡಲೇಬೇಕು. ಆಯ್ಕೆಗೆ ಬೆಲೆ ಬರುವುದು ಅದರಿಂದಲೇ. ತಿರುಪು ತಿರುಗಿಸಿ ಮುಖದ ಓರೆ ಬದಲಿಸಬಲ್ಲ ಇಂದಿನ ಡ್ರೈವರನ್ನು ಸುತ್ತಿನ ನಡುವೆ ಹೊಂದಿಸಿಕೊಂಡು ಆಡುವುದಕ್ಕೂ ನಿಯಮ ಅವಕಾಶ ಕೊಡುವುದಿಲ್ಲ. ಒಂದು ಕ್ಲಬ್ ಒಂದೇ ಆಗಿ ಉಳಿಯಬೇಕು.

ಈಗ ಅಂಕಿಗಳನ್ನು ನೋಡೋಣ. ರೇಡಾರ್ ಉಪಕರಣದ ಕಂಪನಿಯಾದ ಟ್ರ್ಯಾಕ್‌ಮನ್ ಪ್ರಕಟಿಸಿ, ಹಲವು ವರ್ಷ ಬೋಧಕರ ಕೈಪಿಡಿಯಂತೆ ಬಳಕೆಯಲ್ಲಿದ್ದ ಸರಾಸರಿಗಳ ಪಟ್ಟಿಯಲ್ಲಿ ಅಮೆರಿಕದ ಪುರುಷ ವೃತ್ತಿಪರರ ಡ್ರೈವರಿನ ವೇಗ ಗಂಟೆಗೆ 113 ಮೈಲಿ, ಚೆಂಡು ಗಾಳಿಯಲ್ಲಿ ಸಾಗುವ ದೂರ 275 ಯಾರ್ಡ್. 3 ವುಡ್‌ನಲ್ಲಿ ಅದು 243, 5 ವುಡ್‌ನಲ್ಲಿ 230, 3 ಐರನ್‌ನಲ್ಲಿ 212. ಮೆಟ್ಟಿಲುಗಳು ಸ್ಪಷ್ಟವಾಗಿವೆ. ಅದೇ ಪಟ್ಟಿಯಲ್ಲಿ ಮಹಿಳಾ ವೃತ್ತಿಪರರ ಡ್ರೈವರಿನ ವೇಗ 94 ಮೈಲಿ, ದೂರ 218 ಯಾರ್ಡ್. 3 ವುಡ್ 195, 5 ವುಡ್ 185, 7 ವುಡ್ 174, 4 ಐರನ್ 169. ನಾನು ಮತ್ತೆ ಮತ್ತೆ ಮರಳಿ ನೋಡುವುದು ಈ ಕೊನೆಯ ಎರಡು ಅಂಕಿಗಳನ್ನು. 7 ವುಡ್ ಹೊಡೆದ ಚೆಂಡು 4 ಐರನ್ನಿನದಕ್ಕಿಂತ ಐದು ಯಾರ್ಡ್ ಮುಂದೆ ಹೋಗುತ್ತದೆ. ಆದರೂ ಅದು ನೆಲಕ್ಕೆ ಇಳಿಯುವ ಕೋನ 46 ಡಿಗ್ರಿ, 4 ಐರನ್ನಿನದು 43. ಹೆಚ್ಚು ದೂರ ಹೋಗುವ ಚೆಂಡೇ ಹೆಚ್ಚು ಕಡಿದಾಗಿ ಇಳಿದು ಗ್ರೀನಿನ ಮೇಲೆ ನಿಲ್ಲುತ್ತದೆ ಎಂದಾಯಿತು. ದೂರ ಹೆಚ್ಚಿದಷ್ಟೂ ಹಿಡಿತ ತಪ್ಪುತ್ತದೆ ಎಂದು ನಾವು ತಿಳಿದು ಬಂದದ್ದಕ್ಕೆ ಇದು ತದ್ವಿರುದ್ಧ.

ಕಾರಣ ಕ್ಲಬ್ಬಿನ ತಲೆಯ ಆಕಾರದಲ್ಲಿದೆ. ಐರನ್ನಿನ ತಲೆ ತೆಳು ಅಲಗು. ಅದರ ಗುರುತ್ವ ಕೇಂದ್ರ ಮುಖಕ್ಕೆ ಅಂಟಿಕೊಂಡಂತೆ ಇರುತ್ತದೆ. ವುಡ್‌ನ ತಲೆ ಹಿಂದಕ್ಕೆ ಚಾಚಿಕೊಂಡಿದ್ದು ಗುರುತ್ವ ಕೇಂದ್ರ ಕೆಳಗೂ ಹಿಂದಕ್ಕೂ ಸರಿದಿರುತ್ತದೆ. ಮುಖದ ಓರೆ ಎರಡರದೂ ಹೆಚ್ಚುಕಡಿಮೆ ಒಂದೇ ಇದ್ದರೂ ವುಡ್‌ನಿಂದ ಹೊರಟ ಚೆಂಡು ಮೇಲಕ್ಕೆ ಏಳುತ್ತದೆ. ನಡುವಿಗೆ ತಗಲದ ಹೊಡೆತದಲ್ಲಿ ತಲೆ ತಿರುಚಿಕೊಳ್ಳುವುದೂ ಕಡಿಮೆ. ಹಿಡಿಯೂ ಉದ್ದವಾಗಿರುವುದರಿಂದ ವೇಗ ಸ್ವಲ್ಪ ಹೆಚ್ಚು ಸಿಗುತ್ತದೆ. ವೇಗವುಳ್ಳವನಿಗೆ ಉದ್ದದ ಐರನ್ನಿನಲ್ಲೂ ಚೆಂಡನ್ನು ಎತ್ತುವಷ್ಟು ಬಲವಿದೆ, ಅದರ ಹಿಮ್ಮುಖ ಸುತ್ತು ಚೆಂಡನ್ನು ಗಾಳಿಯಲ್ಲಿ ಹಿಡಿದು ನಿಲ್ಲಿಸುತ್ತದೆ. ಡ್ರೈವರನ್ನೇ 90 ಮೈಲಿ ವೇಗದಲ್ಲಿ ಬೀಸುವ ಹವ್ಯಾಸಿಗೆ ಆ ಬಲವಿಲ್ಲ. ಅವನ 3, 4, 5 ಐರನ್ನುಗಳು ಒಂದೇ ಕಡೆ ಬಂದು ಬೀಳುತ್ತವೆ. ಫೇರ್‌ವೇ ಹುಲ್ಲಿನ ಮೇಲಿಂದ ಹೊಡೆದ ಅವನ 3 ವುಡ್ ಕೂಡ ಎಷ್ಟೋ ಸಲ 5 ವುಡ್‌ಗಿಂತ ಮುಂದೆ ಹೋಗುವುದಿಲ್ಲ. 15 ಡಿಗ್ರಿ ಓರೆಯ ಮುಖ ನೆಲದ ಮೇಲಿನ ಚೆಂಡನ್ನು ಎತ್ತಲು ಕೇಳುವ ವೇಗ ಅವನಲ್ಲಿಲ್ಲ. 18 ಡಿಗ್ರಿಯ 5 ವುಡ್ ಅಷ್ಟು ಕೇಳುವುದಿಲ್ಲ.

ಇದನ್ನು ನಾನು ಮೊದಲು ಕಲಿತದ್ದು ಪಟ್ಟಿಗಳಿಂದಲ್ಲ. ಬೆಂಗಳೂರಿನ ಒಂದು ಮೈದಾನದ ಪಾರ್ 5 ಹೋಲಿನಲ್ಲಿ ಎರಡನೇ ಹೊಡೆತಕ್ಕೆ ನಾನು ಎಂದಿನಂತೆ 3 ವುಡ್‌ನ ಹೊದಿಕೆ ಎಳೆಯುತ್ತಿದ್ದೆ. ಆ ದಿನ ಚೀಲ ಹೊತ್ತಿದ್ದ ಹಿರಿಯ ಕ್ಯಾಡಿ, “ಮೂರು ಬೇಡ ಸಾರ್, ಐದು ತಗೊಳ್ಳಿ. ಬಾಲ್ ಏಳಲ್ಲ ಇದ್ರಲ್ಲಿ” ಅಂದರು. ಅವರ ಮಾತು ಕೇಳಲಿಲ್ಲ. ಚೆಂಡು ಮೊಣಕಾಲೆತ್ತರದಲ್ಲಿ ಓಡಿ ಫೇರ್‌ವೇಯ ಇಳಿಜಾರಿನಲ್ಲಿ ನಿಂತಿತು. ಅವರು ಏನೂ ಹೇಳಲಿಲ್ಲ. ಚೀಲದಿಂದ ಇನ್ನೊಂದು ಚೆಂಡು ತೆಗೆದು ಅದೇ ಜಾಗದಲ್ಲಿ ಹುಲ್ಲಿನ ಮೇಲಿಟ್ಟು, 5 ವುಡ್‌ನ ಹಿಡಿಯನ್ನು ನನ್ನ ಕಡೆ ಚಾಚಿದರು. ಆ ಚೆಂಡು ಮೊದಲನೆಯದನ್ನು ಗಾಳಿಯಲ್ಲೇ ದಾಟಿ ಹೋಯಿತು. ದಿನಕ್ಕೆ ನೂರಾರು ಹೊಡೆತ ನೋಡುವ ಕ್ಯಾಡಿಗಳ ಕಣ್ಣು ಒಂದು ದೊಡ್ಡ ದಾಖಲೆ. ನಮ್ಮಲ್ಲಿ ಅದನ್ನು ಯಾರೂ ಬರೆದಿಟ್ಟಿಲ್ಲ ಎಂಬುದು ನನ್ನನ್ನು ಕಾಡುವ ಕೊರತೆ.

ಹಾಗಾದರೆ ದೊಡ್ಡ ಆಟಗಾರರು 1 ಐರನ್, 2 ಐರನ್ ಹಿಡಿದು ಗೆದ್ದದ್ದು ಸುಳ್ಳೇ ಎಂದು ಕೇಳಬಹುದು. ಅಲ್ಲ. 1950ರ ಯು.ಎಸ್. ಓಪನ್ನಿನಲ್ಲಿ ಮೆರಿಯನ್ನಿನ ಹದಿನೆಂಟನೇ ಫೇರ್‌ವೇಯಲ್ಲಿ 1 ಐರನ್ ಹೊಡೆದು ನಿಂತ ಬೆನ್ ಹೋಗನ್ ಅವರ ಚಿತ್ರವನ್ನು ಗಾಲ್ಫ್ ಬಲ್ಲವರೆಲ್ಲ ನೋಡಿದ್ದಾರೆ. ಹೈ ಪೆಸ್ಕಿನ್ ಹಿಂದಿನಿಂದ ತೆಗೆದದ್ದು: ಎರಡು ಕಡೆ ಗೋಡೆಯಂತೆ ಜನ, ದೂರದಲ್ಲಿ ಗ್ರೀನ್, ಎಡಗಾಲಿನ ಮೇಲೆ ಪೂರ್ತಿ ಭಾರ ಬಿಟ್ಟು ನಿಂತ ಆಟಗಾರ, ಎತ್ತಿದ ಬಲ ಪಾದದ ಕೆಳಗೆ ಕಾಣುವ ಷೂವಿನ ಅಟ್ಟೆ. ಹದಿನಾರು ತಿಂಗಳ ಹಿಂದೆ ಬಸ್ಸಿಗೆ ಕಾರು ಅಪ್ಪಳಿಸಿ ಮೈಯೆಲ್ಲ ಮುರಿದುಕೊಂಡಿದ್ದ ದೇಹ ಅದು. ಅಂದೇ ಮೂವತ್ತಾರು ಹೋಲ್ ನಡೆದಿತ್ತು. ಆ ಹೊಡೆತದಿಂದ ಅವರು ಸಮಬಲಕ್ಕೆ ಬಂದು, ಮರುದಿನದ ಪ್ಲೇಆಫ್ ಗೆದ್ದರು. ಚಿತ್ರದಲ್ಲಿ ಕಾಣದ ಸಂಗತಿ ನನಗೆ ಇನ್ನೂ ಮುಖ್ಯ: ಆ ವಾರ ಅವರ ಚೀಲದಲ್ಲಿ 7 ಐರನ್ ಇರಲಿಲ್ಲ. ಆ ಮೈದಾನದಲ್ಲಿ 7 ಐರನ್ ಬೇಡುವ ಹೊಡೆತವಿಲ್ಲ ಎಂಬುದು ಅವರ ಲೆಕ್ಕವಾಗಿತ್ತೆಂದು ಪ್ರತೀತಿ. ಮೈದಾನವನ್ನು ಹೋಲ್ ಹೋಲಾಗಿ ಓದಿ, ಬೇಡದ್ದನ್ನು ಬಿಟ್ಟು, ಬೇಕಾದ ಉದ್ದದ ಕ್ಲಬ್ಬಿಗೆ ಜಾಗ ಮಾಡಿಕೊಂಡ ಆಯ್ಕೆ ಅದು.

ಇದೇ ಓದು ಮುಂದಿನ ತಲೆಮಾರುಗಳಲ್ಲೂ ಕಾಣುತ್ತದೆ. 2006ರ ಬೇಸಿಗೆಯಲ್ಲಿ ಒಣಗಿ ಗಟ್ಟಿಯಾಗಿದ್ದ ರಾಯಲ್ ಲಿವರ್‌ಪೂಲ್‌ನಲ್ಲಿ ಟೈಗರ್ ವುಡ್ಸ್ 72 ಹೋಲುಗಳಲ್ಲಿ ಡ್ರೈವರ್ ಹೊಡೆದದ್ದು ಒಂದೇ ಸಲ; 2 ಐರನ್ನಿನಿಂದ ಚೆಂಡನ್ನು ತಗ್ಗಾಗಿ ಓಡಿಸಿ ಬಂಕರುಗಳ ಹಿಂದೆಯೇ ನಿಲ್ಲಿಸಿ ಗೆದ್ದರು. ಫಿಲ್ ಮಿಕೆಲ್ಸನ್ ಅದೇ ವರ್ಷ ಎರಡು ಡ್ರೈವರ್ ಇಟ್ಟುಕೊಂಡು ಮಾಸ್ಟರ್ಸ್ ಗೆದ್ದರು. 2013ರಲ್ಲಿ ಮ್ಯೂರ್‌ಫೀಲ್ಡಿನ ಓಪನ್ನಿಗೆ ಡ್ರೈವರೇ ಇಲ್ಲದೆ ಬಂದರು. ಕೊನೆಯ ದಿನ ಹದಿನೇಳನೇ ಹೋಲಿನ ಪಾರ್ 5ರಲ್ಲಿ ಟೀಯಿಂದ ಒಮ್ಮೆ, ಫೇರ್‌ವೇಯಿಂದ ಇನ್ನೊಮ್ಮೆ 3 ವುಡ್ ಹೊಡೆದು ಗ್ರೀನ್ ತಲುಪಿ, 66 ಹೊಡೆತಗಳ ಸುತ್ತಿನೊಂದಿಗೆ ಪಟ್ಟ ಪಡೆದರು. ಒಬ್ಬನೇ ಆಟಗಾರ, ಒಮ್ಮೆ ಎರಡು ಡ್ರೈವರ್, ಒಮ್ಮೆ ಸೊನ್ನೆ. ಇವರ ಚೀಲದಿಂದ ನಾವು ಕಲಿಯಬೇಕಾದದ್ದು ಅದರೊಳಗಿನ ಕ್ಲಬ್ಬುಗಳ ಪಟ್ಟಿಯನ್ನಲ್ಲ, ಆ ಪಟ್ಟಿ ಹುಟ್ಟಿದ ವಿಚಾರವನ್ನು.

ಹವ್ಯಾಸಿಗೆ ವೇಗದಲ್ಲಿ ಹತ್ತಿರದವರು ಮಹಿಳಾ ವೃತ್ತಿಪರರು. ಈ ಮಾತನ್ನು ನಮ್ಮ ಕ್ಲಬ್ಬುಗಳ ಪುರುಷರು ಬೇಗ ಒಪ್ಪುವುದಿಲ್ಲ. ಆದರೆ 113 ಮೈಲಿಗಿಂತ 94 ಮೈಲಿಗೆ ನಾವು ಎಷ್ಟು ಹತ್ತಿರ ಎಂಬುದು ರೇಡಾರಿನ ಮುಂದೆ ನಿಂತವರಿಗೆಲ್ಲ ಗೊತ್ತು. ಇಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಅವರ ಉದಾಹರಣೆ ಬರುತ್ತದೆ. ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಅಂಗಳದಲ್ಲಿ ಆಟ ಕಲಿತ ಅವರು, 2021ರ ಆಗಸ್ಟಿನಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ 269 ಹೊಡೆತಗಳೊಂದಿಗೆ ನಾಲ್ಕನೆಯವರಾದರು. ಕಂಚು ತಪ್ಪಿದ್ದು ಒಂದೇ ಹೊಡೆತದಲ್ಲಿ. ಟೀಯಿಂದ ಅತಿ ಕಡಿಮೆ ದೂರ ಹೊಡೆಯುತ್ತಿದ್ದವರ ಸಾಲಿನಲ್ಲಿ ಅವರಿದ್ದರು. ಅಂಥವರು ಇತರರು ಚಿಕ್ಕ ಐರನ್ ತೆಗೆಯುವ ಕಡೆ ಉದ್ದದ ಕ್ಲಬ್ಬಿನಿಂದಲೇ ಗ್ರೀನಿಗೆ ಹೊಡೆಯಬೇಕಾಗುತ್ತದೆ. ಅವರ ಪಟಿಂಗ್ ಎಲ್ಲರ ಬಾಯಲ್ಲೂ ಬಂತು. ಆದರೆ ಪಟರ್ ಹಿಡಿಯುವ ಮೊದಲು ಚೆಂಡು ಗ್ರೀನಿನ ಮೇಲೆ ನಿಂತಿರಬೇಕಲ್ಲವೇ? ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಕ್ ಬ್ರಾಡಿ ಅಮೆರಿಕದ ವೃತ್ತಿಪರರ ಲಕ್ಷಾಂತರ ಹೊಡೆತಗಳನ್ನು ವಿಶ್ಲೇಷಿಸಿ, ಮೇಲ್ಮಟ್ಟದ ಆಟಗಾರರು ಗಳಿಸುವ ಮುನ್ನಡೆಯಲ್ಲಿ ಸುಮಾರು ಮೂರನೇ ಎರಡು ಪಾಲು ಟೀ ಹೊಡೆತ ಮತ್ತು ಗ್ರೀನಿಗೆ ಹೊಡೆಯುವ ಹೊಡೆತಗಳಿಂದಲೇ ಬರುತ್ತದೆ ಎಂದು 2014ರ ತಮ್ಮ ಪುಸ್ತಕದಲ್ಲಿ ತೋರಿಸಿದ್ದಾರೆ. ಚೀಲದ ಮೇಲ್ತುದಿಯನ್ನು ಹಗುರವಾಗಿ ಕಾಣುವಂತಿಲ್ಲ.

ಬೆಂಗಳೂರಿನವರಿಗೆ ಇನ್ನೊಂದು ಲೆಕ್ಕವೂ ಇದೆ. ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿನ ತೆಳು ಗಾಳಿಯಲ್ಲಿ ಚೆಂಡು ನೂರಕ್ಕೆ ಮೂರೂವರೆಯಷ್ಟು ಹೆಚ್ಚು ದೂರ ಹೋಗುತ್ತದೆಂಬುದು ರೂಢಿಯ ಲೆಕ್ಕ. 200 ಯಾರ್ಡಿನ ಹೊಡೆತಕ್ಕೆ ಏಳು ಯಾರ್ಡ್ ಲಾಭ. ಚೆನ್ನೈಗೋ ಮಂಗಳೂರಿಗೋ ಹೋಗಿ ಆಡಿದಾಗ ಒಂದು ಕ್ಲಬ್ ಕಡಿಮೆ ಬಿದ್ದಂತೆ ಅನಿಸುವುದು ಇದರಿಂದ. ಆದರೆ ತೆಳು ಗಾಳಿ ಚೆಂಡನ್ನು ಎತ್ತಿ ಹಿಡಿಯುವುದೂ ಕಡಿಮೆ. ಹಾರಾಟ ಚಪ್ಪಟೆಯಾಗುತ್ತದೆ, ಇಳಿಯುವ ಕೋನ ಕುಗ್ಗುತ್ತದೆ. ದೂರದ ಲಾಭವನ್ನು ಉಳಿಸಿಕೊಂಡು ನಿಲ್ಲಿಸುವ ಶಕ್ತಿಯನ್ನೂ ಕಾಪಾಡಬೇಕೆಂದರೆ ಇಲ್ಲಿನ ಆಟಗಾರ ಒಂದು ಮೆಟ್ಟಿಲು ಹೆಚ್ಚು ಓರೆಯ ಕಡೆಗೆ ಹೋಗುವುದು ಲೇಸು. 3, 5 ವುಡ್‌ಗಳ ಬದಲು 5, 7 ವುಡ್‌ಗಳ ಜೋಡಿ ಎತ್ತರದ ಊರಿನಲ್ಲಿ ಇನ್ನಷ್ಟು ಸಮರ್ಥನೀಯ.

7 ವುಡ್ ಮತ್ತು ಹೈಬ್ರಿಡ್ ನಡುವೆ ಯಾವುದು ಎಂಬುದನ್ನು ಹುಲ್ಲು ತೀರ್ಮಾನಿಸುತ್ತದೆ. ಹೈಬ್ರಿಡ್ಡಿನ ಅಡಿ ಕಿರಿದು, ದಟ್ಟ ರಫ್‌ನಲ್ಲಿ ಹುಲ್ಲನ್ನು ಸೀಳಿಕೊಂಡು ಹೋಗುತ್ತದೆ. ಫೇರ್‌ವೇಯಿಂದ ಆಡುವವನಿಗೆ ವುಡ್ ಎತ್ತರ ಕೊಡುತ್ತದೆ. ಎದುರುಗಾಳಿಯ ಕಡಲತೀರದಲ್ಲಿ ಎರಡೂ ತೊಂದರೆ ಕೊಡಬಹುದು. ಅಲ್ಲಿ ತಗ್ಗಾಗಿ ಹಾರುವ ಐರನ್ನಿಗೆ ಇಂದಿಗೂ ಬೆಲೆಯಿದೆ.

ಅಳೆಯುವ ಕ್ರಮದ ಬಗ್ಗೆ ಒಂದು ಎಚ್ಚರಿಕೆ. ಅಭ್ಯಾಸದ ಅಂಗಳದ ಚಾಪೆಯನ್ನು ನಂಬಬಾರದು. ಚೆಂಡಿಗೆ ಮೊದಲೇ ನೆಲಕ್ಕೆ ತಗಲಿದ ಕ್ಲಬ್ ಚಾಪೆಯ ಮೇಲೆ ಜಾರಿಕೊಂಡು ಹೋಗಿ ಚೆಂಡನ್ನು ಎತ್ತಿಬಿಡುತ್ತದೆ. ಹುಲ್ಲಿನಲ್ಲಾದರೆ ಮಣ್ಣಿಗೆ ಸಿಕ್ಕಿಕೊಳ್ಳುತ್ತದೆ. ಅಂಕಿಯನ್ನೂ ನಂಬಬಾರದು, ಇಂದಿನ ಎಷ್ಟೋ ಸೆಟ್ಟುಗಳ 7 ಐರನ್ನಿನಲ್ಲಿ ಹಿಂದಿನ 5 ಐರನ್ನಿನಷ್ಟೇ ಓರೆ ಇದೆ. ಹುಲ್ಲಿನ ಮೇಲಿಂದ, ಪಂದ್ಯಕ್ಕೆ ಬಳಸುವ ಚೆಂಡಿನಿಂದಲೇ, ಒಂದೊಂದು ಕ್ಲಬ್ಬಿಗೆ ಹತ್ತು ಹೊಡೆತ ಹೊಡೆದು, ಕೆಟ್ಟವನ್ನೂ ಸೇರಿಸಿ, ಗಾಳಿಯಲ್ಲಿ ಸಾಗಿದ ದೂರ ಮಾತ್ರ ಬರೆದುಕೊಳ್ಳಬೇಕು. ಅಕ್ಕಪಕ್ಕದ ಎರಡು ಕ್ಲಬ್ಬುಗಳ ನಡುವೆ ಎಂಟು ಹತ್ತು ಯಾರ್ಡ್ ಅಂತರವಿಲ್ಲದಿದ್ದರೆ ಒಂದು ಹೆಚ್ಚುವರಿ. ಅವೆರಡರಲ್ಲಿ ಯಾವುದು ಕಡಿದಾಗಿ ಇಳಿಯುತ್ತದೋ ಅದನ್ನು ಉಳಿಸಿಕೊಳ್ಳಬೇಕು.

ಈ ಕ್ರಮದಿಂದ ನಾನು ಕಳೆದುಕೊಂಡದ್ದೂ ಇದೆ. ಡ್ರೈವರ್ ಕೈಕೊಟ್ಟ ದಿನ, ಎರಡೂ ಬದಿ ಮರಗಳ ಇಕ್ಕಟ್ಟಿನ ಹೋಲಿನಲ್ಲಿ, ಟೀಯಿಂದ 3 ವುಡ್ ಕೊಡುತ್ತಿದ್ದ ಧೈರ್ಯವನ್ನು 5 ವುಡ್ ಪೂರ್ತಿಯಾಗಿ ಕೊಡುವುದಿಲ್ಲ. ಹದಿನೈದಿಪ್ಪತ್ತು ಯಾರ್ಡ್ ಹಿಂದೆ ಬೀಳುತ್ತೇನೆ, ಗ್ರೀನಿಗೆ ಇನ್ನೊಂದು ಉದ್ದದ ಹೊಡೆತ ಉಳಿಯುತ್ತದೆ. ಒಂದು ಸುತ್ತಿನಲ್ಲಿ ಅಂಥ ಸಂದರ್ಭ ಒಂದೋ ಎರಡೋ ಬರುತ್ತದೆ. ಪಿಚಿಂಗ್ ವೆಜ್ಜಿಗೂ 56 ಡಿಗ್ರಿಯ ಸ್ಯಾಂಡ್ ವೆಜ್ಜಿಗೂ ನಡುವಿನ ದೂರದಲ್ಲಿ, ಯಾವುದನ್ನು ಅರ್ಧ ಬೀಸುವುದೆಂದು ಯೋಚಿಸುತ್ತ ನಿಲ್ಲುತ್ತಿದ್ದ ಸಂದರ್ಭ ಐದಾರು ಬರುತ್ತಿತ್ತು. ಮನೆಯ ಬಾಗಿಲ ಮೂಲೆಯಲ್ಲಿ 3 ವುಡ್ ಒರಗಿ ನಿಂತಿದೆ. ಚೀಲದಲ್ಲಿ ಅದರ ಜಾಗಕ್ಕೆ 50 ಡಿಗ್ರಿಯ ವೆಜ್ ಬಂದಿದೆ.