ಉಂಬಳ ಉದುರಿಸುವ ಸೊಪ್ಪು

ಮಳೆಗಾಲದಲ್ಲಿ ಮಲೆನಾಡಿನ ನಾರ್ವೆಯ ಕಡೆ ತೋಟಕ್ಕೆ ಇಳಿಯುವವರಿಗೆ ಹೊಗೆಸೊಪ್ಪಿನ ಇನ್ನೊಂದು ಉಪಯೋಗ ಗೊತ್ತು. ಸುಣ್ಣದ ಜೊತೆ ತಿಕ್ಕಿ ಕಾಲಿಗೆ ಹಚ್ಚಿಕೊಂಡರೆ ಉಂಬಳ ಹತ್ತುವುದಿಲ್ಲ, ಕಚ್ಚಿಕೊಂಡದ್ದೂ ಬಿಟ್ಟು ಉದುರುತ್ತದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಮಲೆನಾಡಿಗೆ ಈ ಸೊಪ್ಪಿನ ವಿಷ ತಿಳಿಯದ್ದೇನಲ್ಲ. ಆದರೂ ಅದು ಎಲೆಅಡಿಕೆ ತಬಕಿನಲ್ಲಿ ಜಾಗ ಹಿಡಿಯಿತು, ಬೀಡಿಯಾಗಿ ಕಿವಿಯ ಸಂದಿಗೂ ಏರಿತು.

ಅಮೆರಿಕದ ಈ ಗಿಡವನ್ನು ಪಶ್ಚಿಮ ಕರಾವಳಿಗೆ ತಂದವರು ಪೋರ್ಚುಗೀಸರು. 17ನೇ ಶತಮಾನದ ಆರಂಭಕ್ಕೇ ಬಿಜಾಪುರದಲ್ಲಿ ಅದರ ಬಳಕೆಯಿತ್ತು. ಆದಿಲ್‌ಶಾಹಿ ಆಸ್ಥಾನಕ್ಕೆ ಬಂದಿದ್ದ ಮೊಗಲರ ದೂತ ಅಸದ್ ಬೇಗ್ ಅಲ್ಲಿಂದ ಹೊಗೆಸೊಪ್ಪನ್ನೂ ರತ್ನ ಕೂರಿಸಿದ ಕೊಳವೆಯನ್ನೂ ಒಯ್ದು ಅಕ್ಬರನ ಮುಂದಿಟ್ಟ. ಪರೀಕ್ಷೆಯಾಗದ ವಸ್ತು, ಬೇಡವೆಂದು ಆಸ್ಥಾನದ ವೈದ್ಯ ತಡೆದ. 1617ರಲ್ಲಿ ಜಹಾಂಗೀರ ನಿಷೇಧವನ್ನೇ ಹೊರಡಿಸಿದ. ಎರಡೂ ನಡೆಯಲಿಲ್ಲ.

ಮಲೆನಾಡಿನ ಮನೆಯೊಳಕ್ಕೆ ಅದು ಬಂದದ್ದು ಉಪಚಾರದ ಜೊತೆಗೆ. ಬಂದವರಿಗೆ ಬೆಲ್ಲ-ನೀರು, ಆಮೇಲೆ ಎಲೆಅಡಿಕೆ, ಪಕ್ಕದಲ್ಲೇ ಒಂದು ಎಸಳು ಹೊಗೆಸೊಪ್ಪು. ಘಟ್ಟದ ಕೆಳಗೆ ಮಂಗಳೂರಿನ ಬೀಡಿ ಉದ್ಯಮ ಬೆಳೆದ ಮೇಲೆ ಕಟ್ಟು ಬೀಡಿ ಅಗ್ಗವಾಗಿ ಕೂಲಿಯವರ ಕೈಗೂ ಸಿಕ್ಕಿತು. ಅಲ್ಲಿ ಬೀಡಿ ಕಟ್ಟುವ ತಾಯಂದಿರು ಮಡಿಲಲ್ಲಿ ಮೊರ, ಪಕ್ಕದಲ್ಲಿ ಮಗು ಇಟ್ಟುಕೊಂಡು ಅದೇ ಪುಡಿಯ ಗಾಳಿ ಕುಡಿದರು.

ಅಜ್ಜನ ಬೀಡಿಗೆ ಒಲೆಯಿಂದ ಕೊಳ್ಳಿ ತರುವುದು, ಅಂಗಡಿಯಿಂದ ಕಟ್ಟು ತರುವುದು ಮೊಮ್ಮಗನ ಪಾಲಿನ ಕೆಲಸ. ಚಟ ಮನೆತನದಲ್ಲಿ ಹೀಗೆ ಇಳಿದು ಬರುತ್ತದೆ, ಯಾರೂ ಕೂರಿಸಿ ಕಲಿಸಬೇಕಾಗಿಲ್ಲ. ಮಳೆಗಾಲದಲ್ಲಿ ಬಾಗಿಲು ಮುಚ್ಚಿದ ಮನೆಯಲ್ಲಿ ಸೇದಿದ ಹೊಗೆ ಎಲ್ಲರದೂ ಆಗುತ್ತಿತ್ತು. ಅಜ್ಜಿ ಕೆಮ್ಮಿದರೆ ಒಲೆಯ ಹೊಗೆಯ ಮೇಲೆ ಹೇಳಿ ಮುಗಿಸುತ್ತಿದ್ದರು. ಜಪಾನಿನ ತಕೇಶಿ ಹಿರಾಯಾಮ, ಸೇದದ 91,540 ಗೃಹಿಣಿಯರನ್ನು 14 ವರ್ಷ ಗಮನಿಸಿ 1981ರಲ್ಲಿ ವರದಿ ಪ್ರಕಟಿಸಿದರು: ಗಂಡ ಹೆಚ್ಚು ಸೇದಿದಷ್ಟೂ ಹೆಂಡತಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹೆಚ್ಚು. ಸೇದುವವನ ಸುಖಕ್ಕೆ ಸೇದದವಳು ಬೆಲೆ ತೆರುತ್ತಾಳೆ ಎಂಬುದಕ್ಕೆ ಲೆಕ್ಕ ಸಿಕ್ಕಿತು.

ಮುಂದಿನ ತಲೆಮಾರಿಗೆ ಬೀಡಿಯ ಜೊತೆ ಗುಟ್ಕಾ ಬಂತು. ಈ ಸೀಮೆಗೆ ಇದು ಹೇಳಲು ಕಷ್ಟದ ಮಾತು, ಆ ಪೊಟ್ಟಣದೊಳಗಿನ ಅಡಿಕೆ ಇಂಥ ತೋಟಗಳದ್ದೇ ಇದ್ದೀತು. ಹೊಗೆಸೊಪ್ಪು ಸೇರದಿದ್ದರೂ ಅಡಿಕೆ ಜಗಿಯುವುದು ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ದಾಖಲಿಸಿದೆ. ಬೆಳೆಗಾರನ ಹೊಟ್ಟೆಪಾಡು ದೊಡ್ಡದೇ. ಆದರೆ ಗುಟ್ಕಾ ಜಗಿದು ಬಾಯಿ ತೆರೆಯಲಾಗದೆ ಅನ್ನ ನುಂಗಲು ಒದ್ದಾಡುವ ಹುಡುಗನ ಪಾಡು ಅದಕ್ಕಿಂತ ಚಿಕ್ಕದಲ್ಲ.

2013ರಲ್ಲಿ ಕರ್ನಾಟಕ ಗುಟ್ಕಾ ನಿಷೇಧಿಸಿತು. ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಅಂಗಡಿಗಳಲ್ಲಿ ತೂಗಿದವು. ಕೊಂಡವನು ಅಂಗೈಯಲ್ಲೇ ಬೆರೆಸಿಕೊಂಡ. 2025ರಲ್ಲಿ ಜಾರಿಗೆ ಬಂದ ರಾಜ್ಯದ ತಿದ್ದುಪಡಿ, ತಂಬಾಕು ಕೊಳ್ಳುವ ವಯಸ್ಸನ್ನು 18ರಿಂದ 21ಕ್ಕೆ ಏರಿಸಿದೆ. ಅಜ್ಜನಿಗೆಂದು ಬಂದ 21 ತುಂಬದ ಮೊಮ್ಮಗನಿಗೆ ಅಂಗಡಿಯವರು ಕಟ್ಟು ಬೀಡಿ ಮಾರುವುದೂ ಅಪರಾಧ.

ಬಿಡಬೇಕೆನ್ನುವವರಿಗೆ 1800-11-2356 ಸಂಖ್ಯೆಗೆ ಕರೆ ಉಚಿತ, ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ. ಮನೆಯಲ್ಲಿ ಸೇದುವವರಿದ್ದರೆ ದಯವಿಟ್ಟು ಈ ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ.