ಆಪಲ್-೧ರ ಮರುಹುಟ್ಟು

ಬ್ಯಾಂಕಿನಲ್ಲಿ ದಿನವೆಲ್ಲ ಕಂಪ್ಯೂಟರಿನ ಮುಂದೆ ಕುಳಿತಿರುವ ನಾವು ಅದರ ಹೊಟ್ಟೆಯೊಳಗೆ ಏನಿದೆಯೆಂದು ನೋಡಿದವರಲ್ಲ. ಕೆಟ್ಟರೆ ಹೊಸದು ಬರುತ್ತದೆ; ಹಳೆಯದು ಗುಜರಿಗೆ ಹೋಗುತ್ತದೆ. ಹೀಗಿರುವಲ್ಲಿ, ಅರ್ಧ ಶತಮಾನದಷ್ಟು ಹಳೆಯದಾದ ಒಂದು ಕಂಪ್ಯೂಟರನ್ನು, ಆ ಕಾಲದ ಬಿಡಿಭಾಗಗಳನ್ನೇ ಹುಡುಕಿ ತಂದು ಮತ್ತೆ ಕಟ್ಟುವ ಹವ್ಯಾಸಿಗಳೂ ಲೋಕದಲ್ಲಿದ್ದಾರೆಂದರೆ ವಾಚಕರಿಗೆ ಸೋಜಿಗವೆನಿಸಬಹುದು.

೧೯೭೫ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೆಲವರು ಹವ್ಯಾಸಿಗಳು ಒಂದು ಮನೆಯ ಗ್ಯಾರೇಜಿನಲ್ಲಿ ನೆರೆದು ಹೋಂಬ್ರೂ ಕಂಪ್ಯೂಟರ್ ಕ್ಲಬ್ಬನ್ನು ಆರಂಭಿಸಿದರು. ಹ್ಯೂಲೆಟ್-ಪ್ಯಾಕರ್ಡ್ ಕಂಪನಿಯ ನೌಕರರಾಗಿದ್ದ ಸ್ಟೀವ್ ವೋಜ್ನಿಯಾಕ್ ಅದರ ಸದಸ್ಯರು. ತಾವು ರೂಪಿಸಿದ ಕಂಪ್ಯೂಟರಿನ ನಕ್ಷೆಯನ್ನು ಅವರು ಸಂಗಡಿಗರಿಗೆ ಪುಕ್ಕಟೆಯಾಗಿಯೇ ಹಂಚಿದರು. ಅದನ್ನು ಮಾರುವ ಯೋಚನೆ ಗೆಳೆಯ ಸ್ಟೀವ್ ಜಾಬ್ಸರದು. ೧೯೭೬ರಲ್ಲಿ ಅದು ಆಪಲ್-೧ ಎಂಬ ಹೆಸರಿನಿಂದ ೬೬೬.೬೬ ಡಾಲರಿಗೆ ಮಾರಾಟಕ್ಕೆ ಬಂದಿತು. ಬಂದುದಾದರೂ ಏನು? ಚಿಪ್‌ಗಳನ್ನು ಜೋಡಿಸಿದ ಒಂದು ಬೋರ್ಡು, ಅಷ್ಟೆ. ಪೆಟ್ಟಿಗೆ, ಕೀಲಿಮಣೆ, ಟ್ರಾನ್ಸ್‌ಫಾರ್ಮರು, ತೆರೆ ಇವೆಲ್ಲವನ್ನೂ ಕೊಂಡವನೇ ಒದಗಿಸಿಕೊಳ್ಳಬೇಕು! ತಯಾರಾದುವು ಸುಮಾರು ೨೦೦ ಮಾತ್ರ. ೧೯೭೭ರಲ್ಲಿ ಆಪಲ್-೨ ಹೊರಬಂದ ಮೇಲೆ ಕಂಪನಿಯು ಹಳೆಯ ಅನೇಕವನ್ನು ಹಿಂದಕ್ಕೆ ಪಡೆದು ನಾಶಮಾಡಿತು. ಅಳಿದುಳಿದವುಗಳಲ್ಲಿ ಒಂದು ೨೦೧೪ರ ಹರಾಜಿನಲ್ಲಿ ೯,೦೫,೦೦೦ ಡಾಲರಿಗೆ ಹೋಯಿತು.

ತಿಂಗಳ ಸಂಬಳದವರಿಗೆ ದಕ್ಕದ ಈ ವಸ್ತುವನ್ನು ಹವ್ಯಾಸಿಗಳು ತಾವೇ ಕಟ್ಟಿಕೊಳ್ಳುತ್ತಾರೆ. ಅದರ ಮಿದುಳಾದ ೬೫೦೨ ಚಿಪ್‌ನ ವಂಶ ಇನ್ನೂ ಉಳಿದಿದೆ. ಕಷ್ಟವೆಲ್ಲ ತೆರೆಯ ಅಕ್ಷರಗಳನ್ನು ನೆನಪಿಟ್ಟುಕೊಳ್ಳುವ ಸಿಗ್ನೆಟಿಕ್ಸ್ ೨೫೦೪ ಎಂಬ ಚಿಪ್‌ನದು; ಅದರ ತಯಾರಿಕೆ ನಿಂತು ಬಹುಕಾಲವಾಯಿತು. ಅದರೊಳಗೆ ಅಕ್ಷರಗಳು ಸರದಿಯ ಸಾಲಿನಂತೆ ಸುತ್ತುತ್ತಿರುತ್ತವೆ. ಸಾಲು ಒಂದು ಸುತ್ತು ತಿರುಗಿದಾಗ ಒಂದೇ ಹೊಸ ಅಕ್ಷರಕ್ಕೆ ಪ್ರವೇಶ. ಆದುದರಿಂದ ಸೆಕೆಂಡಿಗೆ ೬೦ ಅಕ್ಷರಗಳಿಗಿಂತ ಹೆಚ್ಚು ಮೂಡವು. ನಮ್ಮ ಕೌಂಟರಿನ ಮುಂದಿನ ಸಾಲಿನಲ್ಲಿ ನಿಂತವರಿಗೆ ಈ ನ್ಯಾಯ ಸುಲಭವಾಗಿ ತಿಳಿದೀತು!

ಬೆಸುಗೆ ಮುಗಿಸಿ, ವೋಲ್ಟುಗಳನ್ನು ಅಳೆದು ನೋಡಿದ ಮೇಲೆಯೇ ಚಿಪ್‌ಗಳನ್ನು ಕೂರಿಸುತ್ತಾರೆ. ಸ್ವಿಚ್ಚು ಹಾಕಿದೊಡನೆ ತೆರೆಯ ತುಂಬ ಅರ್ಥವಿಲ್ಲದ ಚಿಹ್ನೆಗಳು. ಅವನ್ನು ಅಳಿಸಿ ರೀಸೆಟ್ ಗುಂಡಿಯನ್ನು ಒತ್ತಿದಾಗ ಒಂದು ಓರೆಗೆರೆ ಮೂಡಿದರೆ ಗೆದ್ದಂತೆ. ಯಂತ್ರವು ಅಪ್ಪಣೆಗೆ ಕಾದಿದೆ.

ಇದು ಸಾಧ್ಯವಾದುದು ಹೇಗೆ? ಆಪಲ್-೧ರ ಕೈಪಿಡಿಯಲ್ಲಿಯೇ ಅದರ ಪೂರ್ಣ ನಕ್ಷೆಯೂ, ಅದನ್ನು ನಡೆಸುವ ೨೫೬ ಬೈಟುಗಳ ಕಾರ್ಯಸೂಚಿಯೂ ಅಚ್ಚಾಗಿದ್ದುವು. ಯಂತ್ರಗಳನ್ನು ಮುರಿದರೂ ಬರಹ ಉಳಿಯಿತು. ಬರಹವಿದ್ದುದರಿಂದ ಯಂತ್ರ ಮತ್ತೆ ಹುಟ್ಟಿತು.

ಒಬ್ಬ ಗುಮಾಸ್ತ ವರ್ಗವಾಗಿ ಹೋದರೂ ಮುಂದಿನವನು ಓದಬಲ್ಲ ಲೆಕ್ಕವೇ ಲೆಕ್ಕವೆಂದು ನಮ್ಮ ಕಸುಬು ಕಲಿಸುತ್ತದೆ. ಊರು ಬಿಟ್ಟು ಬಂದ ನಮ್ಮ ಮನೆಗಳಲ್ಲಿ ಹಿರಿಯರೊಬ್ಬರಿಗೇ ತಿಳಿದಿರುವ ಹಾಡು, ಅಡಿಗೆ, ಮನೆತನದ ಸಂಗತಿಗಳು ಎಷ್ಟಿಲ್ಲ? ಅವರು ಇರುವಾಗಲೇ ಕೇಳಿ ಬರೆದಿಟ್ಟರೆ ಮುಂದಿನವರು ಅವನ್ನು ಮತ್ತೆ ಕಟ್ಟಿಕೊಂಡಾರು.