ನೀರು ಹೊತ್ತವರನ್ನು ನೀರು ಹೊತ್ತಾಗ

ನಮ್ಮ ಕಡೆ ಹೆಂಗಸರಿಗೂ ನೀರಿಗೂ ಇರುವ ನಂಟು ಬಹುಮಟ್ಟಿಗೆ ಹೊರುವ ನಂಟು. ಬಾವಿಯಿಂದ ಸೇದಬೇಕು, ಕೆರೆಯಿಂದ ತರಬೇಕು, ಬೋರ್‌ವೆಲ್ಲಿನ ಮುಂದೆ ಸಾಲು ನಿಲ್ಲಬೇಕು, ನಲ್ಲಿ ಬಂದ ದಿನ ಮನೆಯಲ್ಲಿರುವ ಹಂಡೆ, ಬಕೆಟ್ಟು, ಡ್ರಮ್ಮುಗಳನ್ನೆಲ್ಲ ತುಂಬಿಸಿಡಬೇಕು. ಒಂದು ಕೊಡ ನೀರೆಂದರೆ ಹತ್ತು ಹದಿನೈದು ಕಿಲೋ ಭಾರ. ದಿನಕ್ಕೆ ಹತ್ತು ಕೊಡದಂತೆ ಮೂವತ್ತು ನಲವತ್ತು ವರ್ಷ ಹೊತ್ತ ಹೆಂಗಸರು ಎಷ್ಟು ಜನ ನಮ್ಮ ನಡುವೆಯೇ ಇದ್ದಾರೆ! ಮಂಡಿ ಸವೆಯಲು ಅದೊಂದೇ ಕಾರಣವೆಂದು ಹೇಳಲಾಗದು. ಆದರೆ ಅರವತ್ತು ದಾಟುವ ಹೊತ್ತಿಗೆ ಕೂತರೆ ಏಳಲಾಗದ, ಎದ್ದರೆ ಕೂರಲಾಗದ ಸ್ಥಿತಿ ಯಾವ ಮನೆಗೂ ಹೊಸದಲ್ಲ.

ಮಂಡಿ ನೋವಿಗಿಂತ ದೊಡ್ಡದು ಅದರ ಬೆನ್ನಿಗೇ ಬರುವ ಭಯ. ಬಚ್ಚಲಲ್ಲಿ ಒಂದು ಸಲ ಕಾಲು ಜಾರಿದರೆ ಸಾಕು, ಮೂಳೆ ಮುರಿಯದಿದ್ದರೂ ಧೈರ್ಯ ಮುರಿದು ಹೋಗುತ್ತದೆ. ಮೊದಲು ಮಹಡಿ ಹತ್ತುವುದು ನಿಲ್ಲುತ್ತದೆ, ಆಮೇಲೆ ದೇವಸ್ಥಾನ, ಆಮೇಲೆ ಪಕ್ಕದ ಮನೆ. ಪ್ರಪಂಚ ಬೀದಿಯಿಂದ ಜಗಲಿಗೆ, ಜಗಲಿಯಿಂದ ಹಜಾರಕ್ಕೆ, ಹಜಾರದಿಂದ ಮಂಚಕ್ಕೆ ಕುಗ್ಗುತ್ತದೆ. ಹೊಸ ಮುಖ ಕಾಣದ, ಹೊಸ ಮಾತು ಕೇಳದ ಮನಸ್ಸು ಮಂಕಾಗುತ್ತದೆ. ಹೆಸರು ಮರೆಯುತ್ತದೆ, ಹೇಳಿದ್ದನ್ನೇ ಹೇಳುವುದು ಶುರುವಾಗುತ್ತದೆ. ಆಗ ಮನೆಯವರು, "ಅರವತ್ತರ ಅರಳು ಮರಳು" ಎಂದು ನಕ್ಕು ಸುಮ್ಮನಾಗುತ್ತಾರೆ. ಆ ಮರಳಿನಲ್ಲಿ ವಯಸ್ಸಿನ ಪಾಲೆಷ್ಟು, ಕಾಯಿಲೆಯ ಪಾಲೆಷ್ಟು, ನಾಲ್ಕು ಗೋಡೆಗಳ ಪಾಲೆಷ್ಟು ಎಂದು ಕೇಳುವವರು ಕಡಿಮೆ.

ಬೀಳುವ ಭಯವಿಲ್ಲದೆ ನಡೆಯಬಹುದಾದ ಒಂದು ಜಾಗ ಇದ್ದರೆ? ಅಂಥದೊಂದು ಜಾಗವಿದೆ, ಅದು ಎದೆಮಟ್ಟದ ನೀರು. ನೀರು ಹೊರುವುದನ್ನು ಚೆನ್ನಾಗಿ ಬಲ್ಲ ನಮಗೆ ನೀರೂ ನಮ್ಮನ್ನು ಹೊರಬಲ್ಲದೆಂಬುದು ಅಷ್ಟಾಗಿ ತಿಳಿದಿಲ್ಲ. ವೈದ್ಯರಿಗೂ ಇದು ತಿಳಿದದ್ದು ನಿಧಾನವಾಗಿಯೇ. ಆ ತಿಳಿವಳಿಕೆ ಬೆಳೆದು ಬಂದ ದಾರಿ ಸ್ವಾರಸ್ಯವಾಗಿದೆ.

ಆರಂಭ ಯೂರೋಪಿನಲ್ಲಿ. ಈಗ ಚೆಕ್ ಗಣರಾಜ್ಯಕ್ಕೆ ಸೇರಿರುವ, ಆಗ ಆಸ್ಟ್ರಿಯಾದ ಆಳ್ವಿಕೆಯಲ್ಲಿದ್ದ ಗ್ರೇಫೆನ್‌ಬರ್ಗ್ ಎಂಬ ಬೆಟ್ಟದೂರಿನಲ್ಲಿ 1799ರಲ್ಲಿ ವಿನ್ಸೆಂಟ್ಸ್ ಪ್ರೀಸ್ನಿಟ್ಸ್ ಎಂಬ ರೈತನ ಮಗ ಹುಟ್ಟಿದ. ಹುಡುಗನಾಗಿದ್ದಾಗ ಗಾಡಿಯ ಅಪಘಾತದಲ್ಲಿ ಪಕ್ಕೆಲುಬು ಮುರಿದುಕೊಂಡು, ಒದ್ದೆ ಬಟ್ಟೆ ಸುತ್ತಿ ಸುತ್ತಿಯೇ ವಾಸಿ ಮಾಡಿಕೊಂಡನಂತೆ. ಮುಂದೆ ಊರವರಿಗೆ, ಆಮೇಲೆ ದೂರದೂರಿನ ಶ್ರೀಮಂತರಿಗೆ ತಣ್ಣೀರ ಚಿಕಿತ್ಸೆ ಕೊಡತೊಡಗಿದ. ಓದು ಬಾರದ ರೈತ ವೈದ್ಯ ಮಾಡುತ್ತಾನೆಂದು ದೂರುಗಳು ಹೋದವು, ವಿಚಾರಣೆಗಳು ನಡೆದವು. ಆತ ಬಳಸುತ್ತಿದ್ದುದು ಬರೀ ನೀರು! ಅವನ ನಂತರ ಬಂದವನು ಬವೇರಿಯಾದ ಪಾದ್ರಿ ಸೆಬಾಸ್ಟಿಯನ್ ಕ್ನೈಪ್. 1821ರಲ್ಲಿ ಹುಟ್ಟಿದ ಈತ ಕ್ಷಯರೋಗಿಯಾಗಿದ್ದಾಗ ಚಳಿಗಾಲದ ಡ್ಯಾನ್ಯೂಬ್ ನದಿಯಲ್ಲಿ ಮುಳುಗಿ ಎದ್ದು ಗುಣವಾದೆನೆಂದು ನಂಬಿದ್ದ. 1886ರಲ್ಲಿ ಅವನು ಬರೆದ ಜಲಚಿಕಿತ್ಸೆಯ ಪುಸ್ತಕ ಹಲವು ಭಾಷೆಗಳಿಗೆ ಹೋಯಿತು. ಅವನ ಚಿಕಿತ್ಸೆಗಳಲ್ಲಿ ಒಂದು, ಮೊಣಕಾಲಿನವರೆಗಿನ ತಣ್ಣೀರಿನಲ್ಲಿ ಕೊಕ್ಕರೆಯ ಹಾಗೆ ಒಂದೊಂದೇ ಕಾಲನ್ನು ಪೂರ್ತಿ ಮೇಲೆತ್ತಿ ನಡೆಯುವುದು. ಜರ್ಮನಿಯ ಎಷ್ಟೋ ಊರುಗಳಲ್ಲಿ ಇದಕ್ಕೆಂದೇ ಕಟ್ಟಿದ ಸಣ್ಣ ತೊಟ್ಟಿಗಳು ಈಗಲೂ ಇವೆ.

ಜರ್ಮನಿಯಿಂದ ಈ ವಿದ್ಯೆ ನಮ್ಮ ದೇಶಕ್ಕೂ ಬಂತು. ಲೈಪ್‌ಜಿಗ್ ನಗರದ ಲೂಯಿ ಕೂನೆ ಹೇಳಿದ ತೊಟ್ಟಿಸ್ನಾನವನ್ನು ಗಾಂಧೀಜಿ ದಕ್ಷಿಣ ಆಫ್ರಿಕದಲ್ಲಿದ್ದಾಗ ಓದಿ ಒಪ್ಪಿಕೊಂಡರು. ಮುಂಬಯಿಯಲ್ಲಿ ಮಗ ಮಣಿಲಾಲನಿಗೆ ವಿಷಮಜ್ವರ ಬಂದಾಗ ಒದ್ದೆ ಬಟ್ಟೆಯ ಸುತ್ತು, ಕೂನೆಯ ಸ್ನಾನಗಳನ್ನೇ ನಂಬಿ ಕೂತ ಕಥೆಯನ್ನು ಆತ್ಮಕಥೆಯಲ್ಲಿ ಅವರೇ ಹೇಳಿದ್ದಾರೆ. 1946ರಲ್ಲಿ ಪುಣೆಯ ಹತ್ತಿರದ ಉರುಳಿ ಕಾಂಚನದಲ್ಲಿ ಅವರು ಪ್ರಕೃತಿ ಚಿಕಿತ್ಸೆಯ ಆಶ್ರಮ ಆರಂಭಿಸಿದರು. ಕರ್ನಾಟಕದ ಉಜಿರೆಯಲ್ಲಿ 1989ರಲ್ಲಿ ಈ ವಿದ್ಯೆಗೇ ಒಂದು ಕಾಲೇಜು ತೆರೆಯಿತು. ನಮ್ಮ ಮನೆಗಳಲ್ಲಿ ತೊಟ್ಟಿಸ್ನಾನ, ಒದ್ದೆಪಟ್ಟಿ ಎಂಬ ಮಾತುಗಳು ಹೊಕ್ಕದ್ದು ಈ ದಾರಿಯಿಂದಲೇ.

ಆದರೆ ಒಂದನ್ನು ಗಮನಿಸಬೇಕು. ಕ್ನೈಪನ ಕೊಕ್ಕರೆ ನಡಿಗೆಯಂಥದನ್ನು ಬಿಟ್ಟರೆ, ಇಲ್ಲೆಲ್ಲ ಕೆಲಸ ಮಾಡುವುದು ನೀರು, ಸುಮ್ಮನೆ ಕೂರುವುದು ರೋಗಿ. ರೋಗಿಯೇ ನೀರಿಗಿಳಿದು ಕೈಕಾಲು ಆಡಿಸಬೇಕೆಂಬ ವಿಚಾರ ಬಲಗೊಂಡದ್ದು ಇಪ್ಪತ್ತನೆಯ ಶತಮಾನದಲ್ಲಿ, ಅದಕ್ಕೆ ಕಾರಣ ಪೋಲಿಯೊ. ಲಾಸ್ ಏಂಜಲಿಸ್‌ನ ಮೂಳೆವೈದ್ಯ ಚಾರ್ಲ್ಸ್ ಲೋಮನ್ 1920ರ ದಶಕದಲ್ಲಿ ತನ್ನ ಆಸ್ಪತ್ರೆಯ ಮೀನಿನ ಕೊಳವನ್ನೇ ಚಿಕಿತ್ಸೆಯ ಕೊಳವಾಗಿ ಮಾರ್ಪಡಿಸಿದ. ನೆಲದ ಮೇಲೆ ಎತ್ತಲಾಗದ ಕಾಲನ್ನು ಮಕ್ಕಳು ನೀರಿನಲ್ಲಿ ಎತ್ತುತ್ತಿದ್ದರು. 1937ರಲ್ಲಿ ನೀರೊಳಗಿನ ಅಂಗಸಾಧನೆಯ ಮೇಲೆ ಆತ ಪುಸ್ತಕವನ್ನೂ ಹೊರತಂದ.

ಈ ವಿಚಾರಕ್ಕೆ ಹೆಸರು ತಂದುಕೊಟ್ಟವನು ಫ್ರಾಂಕ್ಲಿನ್ ರೂಸ್‌ವೆಲ್ಟ್. 1921ರಲ್ಲಿ, ಮೂವತ್ತೊಂಬತ್ತನೆಯ ವಯಸ್ಸಿಗೆ, ಎರಡೂ ಕಾಲುಗಳ ಶಕ್ತಿ ಕಳೆದುಕೊಂಡ ಆತ 1924ರಲ್ಲಿ ಜಾರ್ಜಿಯಾ ರಾಜ್ಯದ ವಾರ್ಮ್ ಸ್ಪ್ರಿಂಗ್ಸ್ ಎಂಬ ಹಳ್ಳಿಗೆ ಹೋದ. ಅಲ್ಲಿನ ಬುಗ್ಗೆಯ ನೀರು ಸಹಜವಾಗಿಯೇ ಸುಮಾರು 31 ಡಿಗ್ರಿ ಬೆಚ್ಚಗಿರುತ್ತದೆ. ನೆಲದ ಮೇಲೆ ಕಬ್ಬಿಣದ ಪಟ್ಟಿಗಳಿಲ್ಲದೆ ನಿಲ್ಲಲಾಗದವನು ಆ ನೀರಿನಲ್ಲಿ ನಿಂತ, ಹೆಜ್ಜೆ ಹಾಕಿದ. ಎಷ್ಟು ಮರುಳಾದನೆಂದರೆ 1926ರಲ್ಲಿ ತನ್ನ ಆಸ್ತಿಯ ಬಹುಪಾಲು ಸುರಿದು ಆ ಜಾಗವನ್ನೇ ಕೊಂಡು, ಮರುವರ್ಷ ಪೋಲಿಯೊ ಪೀಡಿತರಿಗಾಗಿ ಸಂಸ್ಥೆ ಕಟ್ಟಿದ. ಅವನ ಕಾಲು ಮಾತ್ರ ಕೊನೆಗೂ ಸರಿಹೋಗಲಿಲ್ಲ. 1945ರಲ್ಲಿ ಅಧ್ಯಕ್ಷನಾಗಿದ್ದಾಗಲೇ ಅವನು ಕಣ್ಣು ಮುಚ್ಚಿದ್ದು ಅದೇ ವಾರ್ಮ್ ಸ್ಪ್ರಿಂಗ್ಸ್‌ನಲ್ಲಿ. ನೀರು ಅವನ ರೋಗವನ್ನು ತೆಗೆಯಲಿಲ್ಲ, ಅವನಿಗೆ ತನ್ನ ಮೈಯ ಮೇಲಿನ ನಂಬಿಕೆಯನ್ನು ಹಿಂದಕ್ಕೆ ಕೊಟ್ಟಿತು. ಅಲ್ಲಿ ಬಂದವರಿಗೆಲ್ಲ ಸಿಕ್ಕ ಇನ್ನೊಂದು ಲಾಭ ಜೊತೆಗಾರರು. ಊನವನ್ನು ನೋಡಿ "ಅಯ್ಯೋ ಪಾಪ" ಎನ್ನುವವರಿಲ್ಲದ ಕೊಳ ಅದು.

ಆದರೆ ಆ ಕೊಳ ಎಲ್ಲರದೂ ಆಗಿರಲಿಲ್ಲ. ಕಪ್ಪು ಬಣ್ಣದ ರೋಗಿಗಳಿಗೆ ಅಲ್ಲಿ ಪ್ರವೇಶವಿರಲಿಲ್ಲ. ಅವರಿಗಾಗಿ ಅಲಬಾಮಾದ ಟಸ್ಕೀಗಿಯಲ್ಲಿ ಬೇರೆಯದೇ ಪೋಲಿಯೊ ಕೇಂದ್ರ ತೆರೆದದ್ದು 1941ರಲ್ಲಿ. ಕೆರೆ ಬಾವಿಗಳ ಮೆಟ್ಟಿಲಲ್ಲಿ ಯಾರು ಇಳಿಯಬೇಕು, ಯಾರು ಇಳಿಯಬಾರದು ಎಂದು ಗೆರೆ ಎಳೆದ ನಾಡಿನಲ್ಲಿ ಹುಟ್ಟಿದ ನಮಗೆ ಇದು ಅರ್ಥವಾಗದ ಸಂಗತಿಯೇನಲ್ಲ. ನೀರಿನ ಗುಣ ಎಷ್ಟೇ ದೊಡ್ಡದಿರಲಿ, ಅದನ್ನು ಮುಟ್ಟಲು ಬಿಡುವವರು ಯಾರು ಎಂಬ ಪ್ರಶ್ನೆ ಮೊದಲು ಬರುತ್ತದೆ.

ಈ ಚರಿತ್ರೆಯಲ್ಲಿ ನನಗೆ ಬಹಳ ಇಷ್ಟವಾದ ಪುಟ ಲಂಡನ್ನಿನದು. ನಗರದ ಉತ್ತರ ಭಾಗದ ಸೌತ್‌ಗೇಟಿನಲ್ಲಿ ಅಂಗವಿಕಲ ಹೆಣ್ಣುಮಕ್ಕಳ ಹ್ಯಾಲಿವಿಕ್ ಶಾಲೆಯಿತ್ತು. 1949ರಲ್ಲಿ ಜೇಮ್ಸ್ ಮೆಕ್‌ಮಿಲನ್ ಎಂಬ ಎಂಜಿನಿಯರ್ ಅಲ್ಲಿನ ಹುಡುಗಿಯರಿಗೆ ಈಜು ಕಲಿಸಲು ಹೊರಟ. ಆತ ವೈದ್ಯನಲ್ಲ, ದ್ರವಗಳ ಚಲನೆಯ ಶಾಸ್ತ್ರ ಬಲ್ಲವನು. ರಬ್ಬರ್ ಟ್ಯೂಬು, ಬೆಂಡು ಯಾವುದನ್ನೂ ಕಟ್ಟಬಾರದು, ಒಬ್ಬೊಬ್ಬ ಹುಡುಗಿಗೂ ಒಬ್ಬೊಬ್ಬ ಜೊತೆಗಾರರು ಇರಬೇಕು, ಹಾಡು ಆಟಗಳ ಮೂಲಕವೇ ಕಲಿಯಬೇಕು ಎಂಬುದು ಅವನ ಕ್ರಮ. ಈಗ ಹತ್ತು ಹಂತಗಳಲ್ಲಿ ಕಲಿಸುವ ಹ್ಯಾಲಿವಿಕ್ ಪದ್ಧತಿಯ ಮೊದಲ ಹಂತ ಕೈಯದೂ ಅಲ್ಲ, ಕಾಲಿನದೂ ಅಲ್ಲ, ಮನಸ್ಸಿನದು. ನೀರಿಗೆ ಮನಸ್ಸು ಒಗ್ಗಬೇಕು, ಭಯ ಬಿಡಬೇಕು. ಆಮೇಲಿನ ಹಂತಗಳಲ್ಲಿ ಮೈ ಒಂದು ಕಡೆ ಉರುಳಿದರೆ ತಾನೇ ಅದನ್ನು ಸರಿಪಡಿಸಿಕೊಂಡು ಮತ್ತೆ ನಿಲ್ಲುವುದನ್ನು ಕಲಿಸುತ್ತಾರೆ. ಅಂದರೆ ಬೀಳದಿರುವುದನ್ನಲ್ಲ, ಬಿದ್ದರೆ ಏಳುವುದನ್ನು! ಪುಟ್ಟ ಹುಡುಗಿಯರಿಗಾಗಿ ಹುಟ್ಟಿದ ಈ ಕ್ರಮವನ್ನು ಇಂದು ಲಕ್ವ ಹೊಡೆದವರಿಗೂ ವಯಸ್ಸಾದವರಿಗೂ ಹಲವು ದೇಶಗಳಲ್ಲಿ ಬಳಸುತ್ತಾರೆ. 1990ರ ದಶಕದಲ್ಲಿ ಜಪಾನಿನ ಜುನ್ ಕೊನ್ನೊ ಇದೇ ಜಾಡಿನಲ್ಲಿ, ಹೆಗಲುಮಟ್ಟದ ನೀರಿನಲ್ಲಿ ನಿಂತು ಉಸಿರಿನ ಲಯಕ್ಕೆ ಕೈಕಾಲು ಆಡಿಸುವ 'ಐ ಚಿ' ಎಂಬ ನಿಧಾನದ ಅಭ್ಯಾಸ ರೂಪಿಸಿದ.

ನೀರು ಇಷ್ಟೆಲ್ಲ ಮಾಡುವುದು ಹೇಗೆ? ಲೆಕ್ಕ ಸರಳ. ಸೊಂಟದವರೆಗೆ ನೀರಿದ್ದರೆ ಕಾಲುಗಳು ಹೊರಬೇಕಾದ ಭಾರ ಸುಮಾರು ಅರ್ಧ. ಎದೆಯವರೆಗೆ ಇದ್ದರೆ ಮೂರರಲ್ಲಿ ಒಂದು ಪಾಲು, ಕುತ್ತಿಗೆಯವರೆಗೆ ಇದ್ದರೆ ಹತ್ತರಲ್ಲಿ ಒಂದು ಪಾಲು. ಅರವತ್ತು ಕಿಲೋ ತೂಕದ ಹೆಂಗಸು ಎದೆಮಟ್ಟದ ನೀರಿನಲ್ಲಿ ನಿಂತರೆ ಅವಳ ಮಂಡಿಗೆ ಇಪ್ಪತ್ತು ಕಿಲೋ ತೂಕದ ಹುಡುಗಿಯನ್ನು ಹೊತ್ತಷ್ಟೇ ಹಗುರ. ಭಾರ ಕಡಿಮೆಯಾದರೂ ಕೆಲಸ ಕಡಿಮೆಯಲ್ಲ, ಕೈ ಬೀಸಿದರೆ ನೀರು ತಡೆಯುತ್ತದೆ. ಜೋರಾಗಿ ಬೀಸಿದಷ್ಟೂ ಹೆಚ್ಚು ತಡೆ, ನಿಲ್ಲಿಸಿದರೆ ತಡೆಯೂ ಇಲ್ಲ. ಇನ್ನು ಮುಗ್ಗರಿಸಿದರೆ ನೆಲಕ್ಕೆ ಅಪ್ಪಳಿಸುವುದಿಲ್ಲ, ನಿಧಾನವಾಗಿ ವಾಲುತ್ತೇವೆ. ತಿದ್ದಿಕೊಳ್ಳಲು ಸಮಯ ಸಿಗುತ್ತದೆ. ಸಮತೋಲ ಕಲಿಯಲು ಇದಕ್ಕಿಂತ ಒಳ್ಳೆಯ ಶಾಲೆ ಯಾವುದು?

ಬುದ್ಧಿಯ ವಿಷಯಕ್ಕೆ ಬಂದರೆ ಎಚ್ಚರದಿಂದ ಮಾತಾಡಬೇಕು. ಅಮೆರಿಕದಲ್ಲಿ 120 ಮಂದಿ ಹಿರಿಯರ ಮೇಲೆ ನಡೆದ, 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಒಂದು ವರ್ಷ ಕ್ರಮವಾಗಿ ನಡಿಗೆ ಮಾಡಿದವರ ಮಿದುಳಿನಲ್ಲಿ ನೆನಪಿಗೆ ಸಂಬಂಧಿಸಿದ ಭಾಗ ಸುಮಾರು ಶೇಕಡ 2ರಷ್ಟು ಹಿಗ್ಗಿತ್ತು. ಬರೀ ಮೈ ಎಳೆದು ಸಡಿಲಿಸುವ ವ್ಯಾಯಾಮ ಮಾಡಿದವರಲ್ಲಿ ಅದೇ ಭಾಗ ಕುಗ್ಗಿತ್ತು. ಫಿನ್‌ಲೆಂಡಿನಲ್ಲಿ 60ರಿಂದ 77 ವಯಸ್ಸಿನ 1260 ಜನರ ಮೇಲೆ ಎರಡು ವರ್ಷ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವ್ಯಾಯಾಮ, ಆಹಾರ, ಬುದ್ಧಿಗೆ ಕಸರತ್ತು, ರಕ್ತದೊತ್ತಡದ ನಿಗಾ ಇವೆಲ್ಲವೂ ಸೇರಿದಾಗ ಯೋಚನಾಶಕ್ತಿಗೆ ಒಳ್ಳೆಯದಾದದ್ದು ಕಂಡಿತು. ನೀರು ಇಲ್ಲಿ ಸೇರುವುದು ಎರಡು ಕಡೆ. ನೆಲದ ಮೇಲೆ ನಡೆಯಲಾಗದವರು ನೀರಿನಲ್ಲಿ ನಡೆಯಬಲ್ಲರು ಎಂಬುದು ಒಂದು. ಎದೆಮಟ್ಟದ ನೀರು ಕಾಲುಗಳನ್ನು ಸುತ್ತಲಿಂದ ಒತ್ತಿ ರಕ್ತವನ್ನು ಎದೆಯ ಕಡೆಗೆ ತಳ್ಳುತ್ತದೆ ಎಂಬುದು ಇನ್ನೊಂದು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ 2014ರಲ್ಲಿ ನಡೆದ ಪ್ರಯೋಗದಲ್ಲಿ, ಎದೆಮಟ್ಟದ ನೀರಿನಲ್ಲಿದ್ದಾಗ ಮಿದುಳಿನ ರಕ್ತನಾಳಗಳಲ್ಲಿ ಹರಿವಿನ ವೇಗ ಹೆಚ್ಚಿದ್ದು ಕಂಡುಬಂತು. ಆದರೆ ಅವರು ಆರೋಗ್ಯವಂತ ಯುವಕರು. ಅಷ್ಟರಿಂದಲೇ ನೀರಿಗಿಳಿದರೆ ಅಜ್ಜಿಯ ಮರೆವು ಹೋಗುತ್ತದೆಂದು ಹೇಳಿದರೆ ಅದು ವಿಜ್ಞಾನವಲ್ಲ, ಜಾಹೀರಾತು.

ಮಂಡಿ ಮತ್ತು ಸೊಂಟದ ಸವೆತದ ಬಗ್ಗೆ ಮಾತು ಇನ್ನಷ್ಟು ಗಟ್ಟಿ. 2016ರಲ್ಲಿ ಹದಿಮೂರು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗಿದವರು ನೀರಿನ ವ್ಯಾಯಾಮದಿಂದ ನೋವು ಸ್ವಲ್ಪ ತಗ್ಗುತ್ತದೆ, ಓಡಾಟ ಸ್ವಲ್ಪ ಸಲೀಸಾಗುತ್ತದೆ ಎಂದರು. ಲಾಭ ಚಿಕ್ಕದು, ಅಲ್ಪಾವಧಿಯದು ಎಂದೂ ಹೇಳಿದರು. ಬಿಟ್ಟರೆ ಹೋಗುತ್ತದೆ, ಅಡಿಗೆಯ ಹಾಗೆ ಇದೂ ದಿನದಿನದ ಕೆಲಸ. ಆ ಅಧ್ಯಯನಗಳಲ್ಲಿ ಭಾಗವಹಿಸಿದವರಲ್ಲಿ ನಾಲ್ವರಲ್ಲಿ ಮೂವರು ಹೆಂಗಸರು ಎಂಬುದನ್ನು ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಮಂಡಿ ನೋವಿನ ಪಾಲಿನಲ್ಲಿ ನಮಗೆ ಎಲ್ಲ ಕಡೆಯೂ ಹೆಚ್ಚೇ ಸಿಕ್ಕಿದೆ.

ಇದಕ್ಕೆ ಈಜು ಬರಬೇಕಾಗಿಲ್ಲ. ಎದೆಮಟ್ಟದ ನೀರು, ಹಿಡಿದುಕೊಳ್ಳಲು ಒಂದು ಕಂಬಿ, ಜೊತೆಗೊಬ್ಬರು ಇದ್ದರೆ ಸಾಕು. ಮುಂದಕ್ಕೆ ಹತ್ತು ಹೆಜ್ಜೆ, ಹಿಂದಕ್ಕೆ ಹತ್ತು, ಪಕ್ಕಕ್ಕೆ ಹತ್ತು. ಮೊಣಕಾಲು ಎತ್ತುವಾಗ ಎದುರು ಕೈ ಮುಂದೆ ಬರಬೇಕು. ಇದು ರೂಢಿಯಾದ ಮೇಲೆ ನಡೆಯುತ್ತಲೇ ಮಗ್ಗಿಯನ್ನು ಹಿಂದುಮುಂದಾಗಿ ಹೇಳುವುದು, ಹಬ್ಬಗಳ ಹೆಸರನ್ನು ಸರದಿಯಂತೆ ಹೇಳುವುದು. ಮೈಗೂ ಬುದ್ಧಿಗೂ ಒಟ್ಟಿಗೆ ಕೆಲಸ ಸಿಗುವುದು ಹೀಗೆ. ನೀರು ತೀರ ತಣ್ಣಗಿದ್ದರೆ ಸಂದುಗಳು ಬಿಗಿಯುತ್ತವೆ, ಚಿಕಿತ್ಸೆಯ ಕೊಳಗಳಲ್ಲಿ ಸುಮಾರು 33 ಡಿಗ್ರಿ ಇಡುತ್ತಾರೆ. ಹೃದಯದ ತೊಂದರೆ, ಹತೋಟಿಗೆ ಬಾರದ ರಕ್ತದೊತ್ತಡ, ಮೂರ್ಛೆರೋಗ, ಮಾಗದ ಗಾಯ ಇರುವವರು ಡಾಕ್ಟರನ್ನು ಕೇಳದೆ ಇಳಿಯಕೂಡದು. ಪಾಚಿ ಕಟ್ಟಿದ ಕಲ್ಯಾಣಿ, ಕೆರೆಗಳಂತೂ ಈ ಕೆಲಸಕ್ಕೆ ಬೇಡವೇ ಬೇಡ. ಸೀರೆ ನೀರಿನಲ್ಲಿ ಕಾಲಿಗೆ ಸುತ್ತಿಕೊಂಡು ಭಾರವಾಗುತ್ತದೆ. ಮೈ ಮುಚ್ಚುವ, ಆದರೆ ನೀರು ಹೀರದ ಬಟ್ಟೆ ಬೇಕು.

ಬಟ್ಟೆಯ ಮಾತು ಸಣ್ಣದಲ್ಲ. ನಮ್ಮ ಊರುಗಳ ಅಜ್ಜಿಯರನ್ನು ಕೊಳದಿಂದ ದೂರ ಇಟ್ಟಿರುವುದು ಮಂಡಿ ನೋವಲ್ಲ, "ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ" ಎಂಬ ಮಾತು. ಈಜುಕೊಳವಿರುವ ಪಟ್ಟಣಗಳಲ್ಲಿಯೂ ಅದು ಹುಡುಗರ ಜಾಗವೆಂದೇ ಎಲ್ಲರೂ ತಿಳಿದಿರುತ್ತಾರೆ. ಹೆಂಗಸರ ಹೊತ್ತು ಎಂದು ಗಂಟೆ ಗೊತ್ತು ಮಾಡಿದರೂ ಇಳಿಯಲು ಇರುವುದು ನೆಟ್ಟಗಿನ ಕಬ್ಬಿಣದ ಏಣಿ, ಅದನ್ನು ಎಪ್ಪತ್ತರವರು ಇಳಿಯುವುದೆಂತು? ಅಗಲವಾದ ನಾಲ್ಕು ಮೆಟ್ಟಿಲು, ಒಂದು ಕಂಬಿ, ಜಾರದ ನೆಲ, ವಾರಕ್ಕೆ ಎರಡು ಬೆಳಗಿನ ಹೊತ್ತು, ನೀರಿನಲ್ಲಿ ನಿಲ್ಲುವ ಒಬ್ಬ ಹೆಣ್ಣುಮಗಳು. ಕೇಳಬೇಕಾದದ್ದು ಇಷ್ಟೆ. ಹ್ಯಾಲಿವಿಕ್ ಶಾಲೆಯ ಹುಡುಗಿಯರಿಗೆ ದೊಡ್ಡ ಆಸ್ಪತ್ರೆಯೇನೂ ಸಿಕ್ಕಿರಲಿಲ್ಲ. ಅವರು ಈಜಬಲ್ಲರೆಂದು ನಂಬಿ ಜೊತೆಗೆ ನೀರಿಗಿಳಿದವರು ಸಿಕ್ಕಿದ್ದರು. ಮಹಿಳಾ ಮಂಡಳಿಗಳು ಪುರಸಭೆಗೆ ಕೊಡುವ ಅರ್ಜಿಗಳಲ್ಲಿ ನಲ್ಲಿ, ದೀಪ, ಚರಂಡಿಗಳ ಸಾಲಿಗೆ ಈ ನಾಲ್ಕು ಮೆಟ್ಟಿಲುಗಳನ್ನೂ ಸೇರಿಸಿ ಬರೆಯುವ ಕಾಲ ಬಂದಿದೆ.